ಖಾಲಿ ಮೇ ತಿಂಗಳು: 2022ರ ಬೇಸಿಗೆಯ ಕನ್ನಡ ಸಿನಿಮಾಗಳ ಒಂದು ಪ್ರಕರಣ

ನಮ್ಮ ಅಡುಗೆಮನೆ ಬಾಗಿಲ ಹಿಂದೆ ಹಳೆ ಕ್ಯಾಲೆಂಡರ್‌ಗಳು ಒಂದರ ಮೇಲೊಂದು ಒಂದೇ ಮೊಳೆಗೆ ನೇತಾಡುತ್ತಿವೆ. ಅಮ್ಮ ಯಾವುದನ್ನೂ ಎಸೆಯುವುದಿಲ್ಲ. ಹಾಲಿನ ಲೆಕ್ಕ, ಹೊಸ ಸಿಲಿಂಡರ್ ಹಾಕಿದ ದಿನ, ಯಾರದೋ ಮನೆ ಗೃಹಪ್ರವೇಶ, ಎಲ್ಲ ಅದರ ಮೇಲೇ ಇರುತ್ತದೆ. ನಾನು ಥಿಯೇಟರಿಗೆ ಹೋದ ದಿನಕ್ಕೆ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕುತ್ತೇನೆ. ಕಾಲೇಜಿನ ಕಾಲದಿಂದ ಬಂದ ಚಟ.

ಮೊನ್ನೆ ಗೆಳೆಯನೊಬ್ಬ, "2022ರ ಬೇಸಿಗೆ ಥರ ಇನ್ನೊಂದು ಕನ್ನಡಕ್ಕೆ ಬರಲ್ಲ ಬಿಡು ಮಾರಾಯ" ಅಂದ. ಎಲ್ಲರೂ ಹೇಳುವ ಮಾತೇ. ನಾನೂ ಹತ್ತಾರು ಸಲ ಹೇಳಿದ್ದೇನೆ. ಮನೆಗೆ ಬಂದು ಸುಮ್ನೆ ಆ ವರ್ಷದ ಕ್ಯಾಲೆಂಡರ್ ಕೆಳಗಿಳಿಸಿ ನೋಡಿದೆ. ಮಾರ್ಚ್‌ನಲ್ಲಿ ಒಂದು ಸುತ್ತು. ಏಪ್ರಿಲ್‌ನಲ್ಲಿ ಎರಡು, ಎರಡೂ ಒಂದೇ ಸಿನಿಮಾಕ್ಕೆ. ಜೂನ್‌ನಲ್ಲಿ ಒಂದು. ಮೇ ಪುಟದಲ್ಲಿ ಒಂದು ಅರ್ಧ ಸುತ್ತು ಮಾತ್ರ ಇತ್ತು. ಅದು ಯಾಕೆ ಅರ್ಧ ಅಂತ ಆಮೇಲೆ ಹೇಳುತ್ತೇನೆ.

ಸುವರ್ಣ ಬೇಸಿಗೆ ಅಂತ ನಾವು ಕರೆಯುವ ಆ ಬೇಸಿಗೆಯ ನಟ್ಟನಡುವೆ, ಇಡೀ ಮೇ ತಿಂಗಳಲ್ಲಿ, ನನ್ನಂಥ ಸಿನಿಮಾ ಹುಚ್ಚನೂ ಹೊಸ ಕನ್ನಡ ಸಿನಿಮಾ ನೋಡಿದ್ದು ಒಂದೇ. ಹಾಗಾದರೆ ಆ ಚಿನ್ನ ಎಲ್ಲಿತ್ತು? ಅದನ್ನೇ ಇಲ್ಲಿ ವಾರ ವಾರ ಬಿಡಿಸಿ ನೋಡಿದ್ದೇನೆ.

ಆ ವರ್ಷದ ಬೇಸಿಗೆ ಹೇಗಿತ್ತು

ಕನ್ನಡ ಚಿತ್ರೋದ್ಯಮದ ನೆಲೆಯಾದ ಗಾಂಧಿನಗರದ ಲೆಕ್ಕದಲ್ಲಿ ಬೇಸಿಗೆ ಅಂದರೆ ಯುಗಾದಿಯಿಂದ ಶಾಲೆ ಬಾಗಿಲು ತೆಗೆಯುವ ತನಕ. ಪರೀಕ್ಷೆ ಮುಗಿದಿರುತ್ತದೆ, ಊರಿಂದ ನೆಂಟರು ಬಂದಿರುತ್ತಾರೆ, ಮಕ್ಕಳು ಮನೆಯಲ್ಲಿ ಕೂತು ತಲೆ ತಿನ್ನುತ್ತಿರುತ್ತಾರೆ. ಸಿನಿಮಾಕ್ಕೆ ಕರೆದುಕೊಂಡು ಹೋಗದೆ ಬೇರೆ ದಾರಿ ಇಲ್ಲ. ಇದು ದಶಕಗಳ ನಂಬಿಕೆ.

2022ರಲ್ಲಿ ಈ ನಂಬಿಕೆಯ ಒಂದೊಂದು ಕಾಲೂ ಮುರಿದಿತ್ತು. ಯುಗಾದಿ ಏಪ್ರಿಲ್ 2ಕ್ಕೆ ಬಂತು. ಆದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆದದ್ದು ಮಾರ್ಚ್ 28ರಿಂದ ಏಪ್ರಿಲ್ 11ರವರೆಗೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಏಪ್ರಿಲ್ 22ಕ್ಕೆ ದ್ವಿತೀಯ ಪಿಯುಸಿ ಶುರುವಾಗಿ ಮೇ 18ರ ತನಕ ಎಳೆಯಿತು. ಇತ್ತ ಐಪಿಎಲ್ ಮಾರ್ಚ್ 26ರಿಂದ ಮೇ 29ರವರೆಗೆ. ಕೊರೊನಾದಿಂದ ಪಾಠ ಹಿಂದೆ ಬಿದ್ದಿದೆ ಅಂತ ಸರ್ಕಾರ ಶಾಲೆಗಳನ್ನು ಮೇ 16ಕ್ಕೇ ತೆರೆಯಿತು. ಮರುದಿನವೇ ಬೆಂಗಳೂರಿನಲ್ಲಿ ರಸ್ತೆ ಕೆರೆಯಾಗುವಂಥ ಮಳೆ. ಇದರ ನಡುವೆ ಬೇಸಿಗೆ ಅಂತ ಉಳಿದದ್ದಾದರೂ ಎಷ್ಟು?

ಇನ್ನೊಂದು ವಿಷಯ. ಥಿಯೇಟರ್‌ಗಳಿಗೆ ಪೂರ್ತಿ ಸೀಟು ಸಿಕ್ಕಿದ್ದೇ ಆ ವರ್ಷದ ಫೆಬ್ರವರಿ 5ಕ್ಕೆ. ಜನವರಿಯಲ್ಲಿ ಮತ್ತೆ ಅರ್ಧ ಸೀಟಿನ ನಿಯಮ ಬಂದಿತ್ತು. ಎರಡು ವರ್ಷದಿಂದ ಡಬ್ಬದಲ್ಲಿ ಕೂತಿದ್ದ ಸಿನಿಮಾಗಳೆಲ್ಲ ಒಟ್ಟಿಗೇ ಹೊರಬರಲು ಕಾದಿದ್ದವು. ಯಾರು ಯಾವ ಶುಕ್ರವಾರ ಬರಬೇಕು ಅನ್ನುವುದೇ ದೊಡ್ಡ ಪಂಚಾಯಿತಿ.

ಮಾರ್ಚ್ 17

ಮೊದಲ ಸುತ್ತು 'ಜೇಮ್ಸ್'ಗೆ. ಲೆಕ್ಕದ ಪ್ರಕಾರ ಇದಕ್ಕಿಂತ ಕೆಟ್ಟ ದಿನ ಇರಲಿಲ್ಲ. ಗುರುವಾರ, ಹತ್ತನೇ ಕ್ಲಾಸಿನ ಪರೀಕ್ಷೆಗೆ ಹನ್ನೊಂದು ದಿನ ಬಾಕಿ. ಆದರೆ ಆ ದಿನ ಪುನೀತ್ ರಾಜ್‌ಕುಮಾರ್ ಹುಟ್ಟಿದ ದಿನ. 2021ರ ಅಕ್ಟೋಬರ್ 29ಕ್ಕೆ, 46ನೇ ವಯಸ್ಸಿಗೆ ಅವರು ಹೋಗಿಬಿಟ್ಟಿದ್ದರು. ಹೀರೋ ಆಗಿ ನಟಿಸಿದ್ದ ಈ ಸಿನಿಮಾದ ಶೂಟಿಂಗ್ ಬಹುತೇಕ ಮುಗಿದಿತ್ತು, ಡಬ್ಬಿಂಗ್ ಆಗಿರಲಿಲ್ಲ. ತಮ್ಮನ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟರು.

ಆ ವಾರ ಬೇರೆ ಕನ್ನಡ ಸಿನಿಮಾ ಬಿಡುಗಡೆ ಮಾಡುವುದು ಬೇಡ ಅಂತ ಉದ್ಯಮದವರು ತೀರ್ಮಾನಿಸಿದರು. ನಾನು ನೋಡಿದ್ದು ಊರಿನ ಹಳೇ ಟಾಕೀಸಿನಲ್ಲಿ. ಬಾಗಿಲಲ್ಲಿ ಅನ್ನ ಸಂತರ್ಪಣೆ, ಪಲಾವಿನ ಹಂಡೆ, ಕಟೌಟಿನ ಕಾಲ ಬಳಿ ಕರ್ಪೂರ. ಇಂಥ ಸಂಭ್ರಮ ಎಷ್ಟೋ ಸಲ ನೋಡಿದ್ದೇನೆ. ಅವತ್ತು ಮಾತ್ರ ಶಿಳ್ಳೆ ಹೊಡೆದವರೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಎಷ್ಟು ವರ್ಷದ ಮೇಲೆ ಥಿಯೇಟರಿಗೆ ಬಂದಿರಿ ಅಂತ ಕೇಳಿದೆ. "ರಾಜ್‌ಕುಮಾರ್ ಹೋದಮೇಲೆ ಬಂದಿರ್ಲಿಲ್ಲಪ್ಪ" ಅಂದರು. ಕತೆ ಏನು, ಫೈಟ್ ಹೇಗಿದೆ, ಯಾರೂ ವಿಚಾರಿಸಲಿಲ್ಲ. ಸಾವಿನ ಮನೆಗೆ ಹೋದವರು ಅಡುಗೆ ಹೇಗಿತ್ತು ಅಂತ ಕೇಳುತ್ತಾರಾ?

ನನಗೆ ಸಿನಿಮಾ ಸಾಧಾರಣ ಅನ್ನಿಸಿತು. ಇದನ್ನು ಬರೆಯಲು ಈಗಲೂ ಸ್ವಲ್ಪ ಮುಜುಗರ. ಆದರೆ ಪ್ರಕರಣದ ಮಟ್ಟಿಗೆ ಅದು ಮುಖ್ಯವೂ ಅಲ್ಲ. ಜನ ಬಂದದ್ದು ಸಿನಿಮಾಕ್ಕಲ್ಲ, ಮುಖ ನೋಡುವುದಕ್ಕೆ. ಮಾರ್ಚ್ 25ಕ್ಕೆ 'ಆರ್‌ಆರ್‌ಆರ್' ಬರುವುದಿತ್ತು, 'ಕಾಶ್ಮೀರ್ ಫೈಲ್ಸ್' ಆಗಲೇ ಓಡುತ್ತಿತ್ತು. ಒಂದು ವಾರ ತುಂಬುವ ಮೊದಲೇ 'ಜೇಮ್ಸ್'ನ ಶೋಗಳನ್ನು ಎತ್ತಂಗಡಿ ಮಾಡುತ್ತಾರೆ ಅನ್ನುವ ಗಲಾಟೆ ಎದ್ದಿತು, ರಾಜಕಾರಣಿಗಳೂ ಮಾತಾಡಿದರು. ಮುಂದೆ ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರದೇ ದನಿಯನ್ನು ಕೂರಿಸಿದ ಪ್ರತಿಯೂ ಬಂತು. ನಾನು ಅದನ್ನು ಥಿಯೇಟರಿನಲ್ಲಿ ನೋಡಲಿಲ್ಲ. ಅಣ್ಣನ ದನಿಯೇ ಸರಿ ಅನ್ನಿಸಿತ್ತು.

ಏಪ್ರಿಲ್ 14

'ಕೆಜಿಎಫ್ ಚಾಪ್ಟರ್ 2' ಬರಬೇಕಿದ್ದದ್ದು 2020ರ ಅಕ್ಟೋಬರ್ 23ಕ್ಕೆ. ಆಮೇಲೆ 2021ರ ಜುಲೈ 16 ಅಂದರು. ಕೊನೆಗೆ ಬಂದದ್ದು 2022ರ ಏಪ್ರಿಲ್ 14ಕ್ಕೆ. ಈ ದಿನ ಯಾಕೆ ಅಂತ ಕ್ಯಾಲೆಂಡರ್ ನೋಡಿದರೆ ಗೊತ್ತಾಗುತ್ತದೆ. ಗುರುವಾರ ಅಂಬೇಡ್ಕರ್ ಜಯಂತಿ, ಮಹಾವೀರ ಜಯಂತಿ. ಶುಕ್ರವಾರ ಗುಡ್ ಫ್ರೈಡೇ. ಆಮೇಲೆ ಶನಿವಾರ, ಭಾನುವಾರ. ತಮಿಳರಿಗೆ ಹೊಸ ವರ್ಷ, ಮಲಯಾಳಿಗಳಿಗೆ ವಿಷು. ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿದು ಮೂರು ದಿನ, ಪಿಯುಸಿಗೆ ಇನ್ನೂ ಎಂಟು ದಿನ. ಸೂಜಿಗೆ ದಾರ ಪೋಣಿಸಿದ ಹಾಗೆ ಈ ನಾಲ್ಕು ದಿನಗಳೊಳಗೆ ಸಿನಿಮಾವನ್ನು ತೂರಿಸಿದ್ದರು.

ಆದರೆ ನಾಲ್ಕು ದಿನದ ರಜೆ ಎಲ್ಲರಿಗೂ ಇತ್ತು. ಅಮೀರ್ ಖಾನ್ ಅವರ 'ಲಾಲ್ ಸಿಂಗ್ ಚಡ್ಡಾ' ಇದೇ ದಿನ ಅಂತ ಹೇಳಿ ಆಗಸ್ಟ್ 11ಕ್ಕೆ ಹೋಯಿತು. ಶಾಹಿದ್ ಕಪೂರ್ ಅವರ 'ಜೆರ್ಸಿ' ಕೊನೇ ಗಳಿಗೆಯಲ್ಲಿ ಒಂದು ವಾರ ಹಿಂದೆ ಸರಿಯಿತು. ವಿಜಯ್ ಅವರ 'ಬೀಸ್ಟ್' ಮಾತ್ರ ಒಂದು ದಿನ ಮುಂಚೆ ಬಂದು, ಎರಡನೇ ದಿನವೇ ಸುಸ್ತಾದ ಹಾಗೆ ಕಂಡಿತು. ಕನ್ನಡದ ಸಿನಿಮಾ ಬರುತ್ತದೆ ಅಂತ ಹಿಂದಿ ಸಿನಿಮಾಗಳು ಜಾಗ ಬಿಡುವುದು! ನಮ್ಮಪ್ಪನ ಕಾಲದವರಿಗೆ ಹೇಳಿದರೆ ನಗುತ್ತಿದ್ದರು. ಹಿಂದಿ ಡಬ್ಬಿಂಗ್ ಒಂದೇ ಮೊದಲ ದಿನ 53.95 ಕೋಟಿ ರೂಪಾಯಿ ನಿವ್ವಳ ಗಳಿಕೆ ಮಾಡಿತು, ಕೊನೆಗೆ 434 ಕೋಟಿ ದಾಟಿತು. ಎಲ್ಲ ಭಾಷೆ, ಎಲ್ಲ ದೇಶ ಸೇರಿ 1200 ಕೋಟಿಗೂ ಜಾಸ್ತಿ ಅಂತ ಲೆಕ್ಕ ಹೇಳಿದರು.

ಈ ಮೊತ್ತ ಬಂದದ್ದು ನಾಲ್ಕು ದಿನದ ರಜೆಯಿಂದ ಅಂತ ನನಗೆ ಅನ್ನಿಸುವುದಿಲ್ಲ. 2018ರ ಡಿಸೆಂಬರ್ 21ಕ್ಕೆ ಬಂದ ಮೊದಲ ಭಾಗವನ್ನು ಉತ್ತರದವರು ಥಿಯೇಟರಿಗಿಂತ ಆಮೇಲೆ ಟಿವಿ, ಮೊಬೈಲಿನಲ್ಲಿ ಜಾಸ್ತಿ ನೋಡಿದ್ದರು. ಕತೆ ಅರ್ಧಕ್ಕೆ ನಿಂತಿತ್ತು. ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಕೂತವರು ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ನೋಡಿದರು. ಅಂದರೆ ಸಿನಿಮಾ ಮುಂದಕ್ಕೆ ಹೋದಷ್ಟೂ ಕಾಯುವವರು ಜಾಸ್ತಿಯಾದರು. ಬೇರೆ ಸಿನಿಮಾಗಳನ್ನು ಕೊರೊನಾ ಮುಳುಗಿಸಿತು, ಇದಕ್ಕೆ ಎರಡು ವರ್ಷ ಪುಕ್ಕಟೆ ಪ್ರಚಾರ ಮಾಡಿತು. ಇನ್ನು ಹಂಚಿಕೆ. ಹಿಂದಿಯಲ್ಲಿ ಫರ್ಹಾನ್ ಅಖ್ತರ್, ರಿತೇಶ್ ಸಿಧ್ವಾನಿ ಅವರ ಕಂಪನಿ, ಕೇರಳದಲ್ಲಿ ಪೃಥ್ವಿರಾಜ್ ಅವರ ಕಂಪನಿ. ಆಯಾ ಊರಿನ ಬೀದಿ ಗೊತ್ತಿದ್ದವರ ಕೈಗೇ ಸಿನಿಮಾ ಕೊಟ್ಟಿದ್ದರು. ನಿರ್ಮಾಪಕ ವಿಜಯ್ ಕಿರಗಂದೂರು ಅವರ ಜಾಣತನ ಇರುವುದು ಅಲ್ಲಿ.

ನಾನು ಎರಡು ಸಲ ನೋಡಿದೆ. ಮೊದಲ ಸಲ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ. ಟಿಕೆಟ್ ಬೆಲೆ ಮನೆಯಲ್ಲಿ ಹೇಳಲಿಲ್ಲ. ಎರಡನೇ ಸಲ ಊರಿನ ಟಾಕೀಸಿನ ಬಾಲ್ಕನಿಯಲ್ಲಿ, ಅಲ್ಲಿಯ ಕಾಲು ಭಾಗ ದುಡ್ಡಿಗೆ, ಎರಡು ಪಟ್ಟು ಗದ್ದಲದಲ್ಲಿ.

ಖಾಲಿ ಹೊಡೆದ ವಾರಗಳು

ಸಿನಿಮಾ ಪುಟಗಳು ಮರೆತ ಭಾಗ ಇದು. ನನಗೆ ಈ ಪ್ರಕರಣದಲ್ಲಿ ಜಾಸ್ತಿ ಆಸಕ್ತಿ ಇರುವುದೂ ಇಲ್ಲೇ.

ನಮ್ಮೂರಿನ ಟಾಕೀಸಿನ ಕ್ಯಾಂಟೀನ್ ನಡೆಸುವವರು ನನಗೆ ಪರಿಚಯ. 'ಕೆಜಿಎಫ್' ಮೊದಲ ವಾರ ಖಾರಾಪುರಿ ಪೊಟ್ಟಣ ಕಟ್ಟಿ ಕಟ್ಟಿ ಬೆರಳು ನೋವು ಬಂದಿತ್ತಂತೆ. ಮೇ ಮೊದಲ ವಾರ ಹೋದಾಗ ಸ್ಟೂಲ್ ಮೇಲೆ ಕೂತು ಮೊಬೈಲಿನಲ್ಲಿ ಮ್ಯಾಚ್ ನೋಡುತ್ತಿದ್ದರು. "ಏನ್ ಸಾರ್ ವ್ಯಾಪಾರ?" ಅಂದೆ. "ಮಾವಿನಹಣ್ಣು ಮಾರಿದ್ರೂ ಇದಕ್ಕಿಂತ ವಾಸಿ" ಅಂದರು.

ಆ ಹೊತ್ತಿನಲ್ಲಿ ಸಿನಿಮಾಗಳೇ ಇರಲಿಲ್ಲ ಅಂತಲ್ಲ. ಯುಗಾದಿಗೆ, ಏಪ್ರಿಲ್ 1ರಂದು, ಉಪೇಂದ್ರ ಅವರ 'ಹೋಮ್ ಮಿನಿಸ್ಟರ್' ಬಂದಿತ್ತು. 'ಆರ್‌ಆರ್‌ಆರ್' ಎಂಟನೇ ದಿನಕ್ಕೆ ಕಾಲಿಟ್ಟಿತ್ತು, 'ಕೆಜಿಎಫ್'ಗೆ ಹದಿಮೂರು ದಿನ ಇತ್ತು. ಎರಡು ರೈಲಿನ ನಡುವೆ ಹಳಿ ದಾಟಲು ಹೊರಟವನ ಪಾಡು ಅದರದ್ದು. 'ಕೆಜಿಎಫ್' ಆದಮೇಲೆ ಎರಡು ಮೂರು ವಾರ ಯಾರಿಗೂ ಧೈರ್ಯ ಬರಲಿಲ್ಲ. ಬಂದ ಸಣ್ಣಪುಟ್ಟವು ಸೋಮವಾರದ ಹೊತ್ತಿಗೆ ಇರಲಿಲ್ಲ.

ಯಾಕೆ ಸೋಮವಾರದ ಹೊತ್ತಿಗೇ ಹೋಗುತ್ತವೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸಿಂಗಲ್ ಸ್ಕ್ರೀನ್‌ಗಳಲ್ಲಿ ಹಿಂದಿನಿಂದಲೂ ವಾರದ ಬಾಡಿಗೆ ಪದ್ಧತಿ ಇದೆ. ಜನ ಬರಲಿ ಬಿಡಲಿ, ನಿರ್ಮಾಪಕ ಬಾಡಿಗೆ ಕಟ್ಟಬೇಕು. ಮೇಲೆ ಡಿಜಿಟಲ್ ಪ್ರೊಜೆಕ್ಷನ್ ಕಂಪನಿಯ ಶುಲ್ಕ, ಪೋಸ್ಟರ್ ಅಂಟಿಸುವ ಖರ್ಚು. ದೊಡ್ಡ ಸಿನಿಮಾ ಆದರೆ ಥಿಯೇಟರಿನವರೇ ಮುಂಗಡ ಕೊಟ್ಟು ಕರೆಯುತ್ತಾರೆ. ಸಣ್ಣವನು ಮಾತ್ರ ಕೈಯಿಂದ ಹಾಕಿಕೊಂಡು ಜಾಗ ಹಿಡಿಯಬೇಕು. ಶುಕ್ರವಾರ ಬೋಣಿ ಆಗದಿದ್ದರೆ ಎರಡನೇ ವಾರಕ್ಕೆ ಕಟ್ಟಲು ಅವನ ಹತ್ತಿರ ದುಡ್ಡು ಇರುವುದಿಲ್ಲ. ಮಲ್ಟಿಪ್ಲೆಕ್ಸಿನಲ್ಲಿ ಬಾಡಿಗೆ ಇಲ್ಲ, ಬಂದದ್ದರಲ್ಲಿ ಪಾಲು. ಆದರೆ ಅಲ್ಲಿ ಶನಿವಾರ ಸಂಜೆಯ ಬುಕಿಂಗ್ ನೋಡಿ, ಭಾನುವಾರದ ಒಳ್ಳೆಯ ಶೋ ಕಿತ್ತು ಬೇರೆಯವರಿಗೆ ಕೊಡುತ್ತಾರೆ. ಉಳಿಯುವುದು ಬೆಳಗ್ಗೆ ಒಂಬತ್ತೂವರೆಯ ಶೋ. ಒಬ್ಬರಿಂದೊಬ್ಬರಿಗೆ ಸುದ್ದಿ ಹಬ್ಬಿ ಜನ ಬರಲು ಹತ್ತು ದಿನ ಬೇಕು. ಆ ಹತ್ತು ದಿನ ಎರಡೂ ಕಡೆ ಸಿಗುವುದಿಲ್ಲ.

ಏಪ್ರಿಲ್ 27ಕ್ಕೆ ಒಂದು ಭಾರಿ ಜಗಳವಾಯಿತು, ಆದರೆ ಪರದೆ ಮೇಲಲ್ಲ. ಹಿಂದಿ ಇನ್ನು ರಾಷ್ಟ್ರಭಾಷೆ ಅಲ್ಲ ಅಂತ ಸುದೀಪ್ ಒಂದು ಸಮಾರಂಭದಲ್ಲಿ ಆಡಿದ್ದ ಮಾತಿಗೆ ಅಜಯ್ ದೇವಗನ್ ಟ್ವಿಟರ್‌ನಲ್ಲಿ ಹಿಂದಿಯಲ್ಲೇ ಉತ್ತರ ಕೊಟ್ಟರು. ನಾನು ಕನ್ನಡದಲ್ಲಿ ಬರೆದಿದ್ದರೆ ಏನಾಗುತ್ತಿತ್ತು ಅಂತ ಸುದೀಪ್ ಕೇಳಿದರು. ಅಂದಿನ ಮುಖ್ಯಮಂತ್ರಿ ಬೊಮ್ಮಾಯಿ, ಸಿದ್ದರಾಮಯ್ಯ, ಕುಮಾರಸ್ವಾಮಿ, ಮೂರೂ ಪಕ್ಷದವರು ಸುದೀಪ್ ಬೆನ್ನಿಗೆ ನಿಂತರು. ಎರಡು ದಿನ ಬಿಟ್ಟು ದೇವಗನ್ ಅವರ 'ರನ್‌ವೇ 34' ಬಂತು, ಓಡಲಿಲ್ಲ. ಸುದೀಪ್ ಅವರ 'ವಿಕ್ರಾಂತ್ ರೋಣ' ಬರಲು ಜುಲೈ 28ರ ತನಕ ಕಾಯಬೇಕಿತ್ತು. ಕನ್ನಡದ ಬಗ್ಗೆ ಇಡೀ ದೇಶ ಮಾತಾಡುತ್ತಿದ್ದ ಆ ವಾರ, ನೋಡೋಣ ಅಂದರೆ ಹೊಸದೊಂದು ದೊಡ್ಡ ಕನ್ನಡ ಸಿನಿಮಾ ಇರಲಿಲ್ಲ. ಇದ್ದದ್ದು ಎರಡು ವಾರದ ಹಳೆಯ, 'ಕೆಜಿಎಫ್'ನ ರಾಕಿ ಭಾಯ್.

ಈಗ ಅರ್ಧ ಸುತ್ತಿನ ವಿಷಯ. ಮೇ 6ಕ್ಕೆ ಸುನಿ ನಿರ್ದೇಶನದ, ಶರಣ್ ನಟಿಸಿದ 'ಅವತಾರ ಪುರುಷ' ಬಂತು. ಮಾಟ, ಮಂತ್ರ, ಅದರ ಜೊತೆಗೆ ನಗು. ರಜೆಗೆ ಹೇಳಿ ಮಾಡಿಸಿದ ಸಿನಿಮಾ ಅಲ್ವಾ? ಅದೇ ದಿನ ಮಾರ್ವೆಲ್‌ನ 'ಡಾಕ್ಟರ್ ಸ್ಟ್ರೇಂಜ್' ಎರಡನೇ ಸಿನಿಮಾ ಬಂತು. ಅವನೂ ಮಾಟಗಾರನೇ. ಮಲ್ಟಿಪ್ಲೆಕ್ಸಿನ ಸಂಜೆ ಶೋಗಳು ಅಮೆರಿಕದ ಮಾಟಗಾರನ ಪಾಲಾದವು. ನಮ್ಮವನ ಸಮಸ್ಯೆ ಅಷ್ಟಕ್ಕೇ ಮುಗಿಯಲಿಲ್ಲ. ಸಿನಿಮಾವನ್ನು ಎರಡು ಭಾಗ ಮಾಡಿದ್ದರು. ಕತೆ ಬಿಸಿಯಾಗುವ ಹೊತ್ತಿಗೆ ಲೈಟ್ ಹಾಕಿಬಿಟ್ಟರು. ನನ್ನ ಪಕ್ಕದವನು, "ಇಂಟರ್‌ವಲ್ ಎರಡು ಸಲನಾ?" ಅಂತ ಕೇಳಿದ. 'ಕೆಜಿಎಫ್' ಅರ್ಧಕ್ಕೆ ನಿಲ್ಲಿಸಿ ಕಾಯಿಸಿದ್ದು ನಿಜ. ಆದರೆ ಕಾಯುವಂತೆ ಮಾಡುವುದಕ್ಕೂ, ಕೊಡಬೇಕಾದ್ದನ್ನು ಕೊಡದೆ ಕಳಿಸುವುದಕ್ಕೂ ವ್ಯತ್ಯಾಸ ಇದೆ. ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಅರ್ಧ ಸುತ್ತು ಹಾಕಿದೆ. ಶರಣ್ ನನಗೆ ಇಷ್ಟದ ನಟ, ಹಾಗಾಗಿ ಸಿಟ್ಟು ಇನ್ನೂ ಜಾಸ್ತಿ.

ಅದೇ ಪುಟದಲ್ಲಿ ಅಮ್ಮನ ಕೈಬರಹ ಒಂದಿದೆ: "ಸಿಲಿಂಡರ್ 1000!!" ಹೌದು, ಮನೆಬಳಕೆಯ ಸಿಲಿಂಡರ್ ಬೆಲೆ ಸಾವಿರ ದಾಟಿದ್ದು ಆ ಮೇ ತಿಂಗಳಲ್ಲೇ. ನಾಲ್ಕು ಜನರ ಮನೆ ಬೆಂಗಳೂರಿನಲ್ಲಿ ಒಂದು ಸಿನಿಮಾಕ್ಕೆ ಹೋಗಿ, ಒಂದು ಪಾಪ್‌ಕಾರ್ನ್ ತಗೊಂಡು ಬಂದರೆ ಒಂದು ಸಿಲಿಂಡರ್ ಖಾಲಿ. 'ಕೆಜಿಎಫ್'ಗೆ ಆ ದುಡ್ಡು ಆಗಲೇ ಖರ್ಚಾಗಿತ್ತು. ಅದು ಬೇಕಾದವರಿಗೆ ಮೇ 16ರಿಂದ ಮನೆಯಲ್ಲೇ ಬಾಡಿಗೆಗೆ, ಜೂನ್ 3ರಿಂದ ಪ್ರೈಮ್ ಚಂದಾದಾರರಿಗೆಲ್ಲ ಸಿಕ್ಕಿತು. ಮತ್ತೊಂದು ಸಾವಿರ ತೆಗೆಯಲು ಬಲವಾದ ಕಾರಣ ಬೇಕಿತ್ತು.

ಮೇ 27ರ ಶುಕ್ರವಾರ ಸಂಜೆಯಂತೂ ಕೇಳುವುದೇ ಬೇಡ. ಅಹಮದಾಬಾದಿನಲ್ಲಿ ಆರ್‌ಸಿಬಿ ಫೈನಲ್ಲಿಗೆ ಒಂದು ಹೆಜ್ಜೆ ದೂರದಲ್ಲಿ ರಾಜಸ್ಥಾನದ ಎದುರು ಆಡುತ್ತಿತ್ತು. ಬಟ್ಲರ್ ಸೆಂಚುರಿ ಹೊಡೆದು ನಮ್ಮನ್ನು ಮನೆಗೆ ಕಳಿಸಿದ. ಅವತ್ತು ಸಂಜೆ ಶೋ ನೋಡಿದವರು ಯಾರಾದರೂ ಇದ್ದರೆ ಅವರಿಗೆ ನಮಸ್ಕಾರ.

ಜೂನ್ 10

ಕೊನೆಯ ಸುತ್ತು ನಾಯಿಗೆ. '777 ಚಾರ್ಲಿ' ಬಂದಾಗ ಬೇಸಿಗೆ ಮುಗಿದೇ ಹೋಗಿತ್ತು. ಶಾಲೆ ತೆರೆದು ಮೂರು ವಾರದ ಮೇಲಾಗಿತ್ತು, ಮಳೆಗಾಲ ಕೂತಿತ್ತು. ಫೀಸು, ಯೂನಿಫಾರ್ಮು, ಪುಸ್ತಕ ಅಂತ ಮನೆಮನೆಯಲ್ಲಿ ಜೇಬು ಖಾಲಿಯಾಗುವ ಹೊತ್ತು. ಅದೇ ದಿನ 'ಜುರಾಸಿಕ್ ವರ್ಲ್ಡ್'ನ ಹೊಸ ಸಿನಿಮಾ ಬಂತು. ಹಿಂದಿನ ವಾರ ಬಂದಿದ್ದ ಕಮಲ್ ಹಾಸನ್ ಅವರ 'ವಿಕ್ರಮ್' ಇನ್ನೂ ತುಂಬಿ ಓಡುತ್ತಿತ್ತು. ಒಂದು ಕಡೆ ಡೈನೋಸಾರ್, ಒಂದು ಕಡೆ ಕಮಲ್, ನಡುವೆ ಒಂದು ಲ್ಯಾಬ್ರಡಾರ್.

ಕಾಸರಗೋಡಿನ ಕಿರಣ್‌ರಾಜ್ ಅವರಿಗೆ ಇದು ಮೊದಲ ಸಿನಿಮಾ. ನಾಯಿಗೆ ತರಬೇತಿ ಕೊಟ್ಟು, ಅದರ ಮೂಡ್ ಕಾದು ಶೂಟ್ ಮಾಡಿ, ನಡುವೆ ಕೊರೊನಾವನ್ನೂ ದಾಟಿ ಮುಗಿಸುವಷ್ಟರಲ್ಲಿ ವರ್ಷಗಳೇ ಹೋಗಿದ್ದವು. ಬಿಡುಗಡೆಗೆ ಮೊದಲೇ ದೇಶದ ಬೇರೆಬೇರೆ ಊರುಗಳಲ್ಲಿ ತೋರಿಸಿಬಿಟ್ಟರು. ಇದು ಎದೆಗಾರಿಕೆಯ ಕೆಲಸ. ಸಿನಿಮಾ ಚೆನ್ನಾಗಿಲ್ಲದಿದ್ದರೆ ಶುಕ್ರವಾರಕ್ಕೆ ಮೊದಲೇ ಕತೆ ಮುಗಿಯುತ್ತಿತ್ತು. ಇಲ್ಲಿ ಉಲ್ಟಾ ಆಯಿತು. ಸಣ್ಣ ಸಿನಿಮಾಗಳಿಗೆ ಸಿಗದೇ ಹೋದ ಆ ಹತ್ತು ದಿನ ನೆನಪಿದೆಯಲ್ಲ? ಅದನ್ನು ಇವರು ಬಿಡುಗಡೆಗೆ ಮೊದಲೇ ಗಳಿಸಿಕೊಂಡರು.

ಜೂನ್ ಎರಡನೇ ವಾರ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸಿನಿಮಾ ನೋಡಿ ಅತ್ತರು. ಹಿಂದಿನ ವರ್ಷವಷ್ಟೇ ಅವರ ಮನೆಯ ನಾಯಿ ಸನ್ನಿ ಸತ್ತಿತ್ತು. ಆ ಫೋಟೋ ಎಲ್ಲ ಪತ್ರಿಕೆಯಲ್ಲೂ ಬಂತು. ಕೆಲವೇ ದಿನಕ್ಕೆ ಸರ್ಕಾರ ಆರು ತಿಂಗಳು ರಾಜ್ಯದ ಪಾಲಿನ ಜಿಎಸ್‌ಟಿ ಮಾಫಿ ಮಾಡಿತು. ಇದರ ಲಾಭ ಎಷ್ಟು ಅಂತ ಲೆಕ್ಕ ಹಾಕಿದೆ. ನೂರು ರೂಪಾಯಿಗಿಂತ ಜಾಸ್ತಿ ಬೆಲೆಯ ಟಿಕೆಟ್‌ಗೆ ಶೇಕಡಾ 18 ಜಿಎಸ್‌ಟಿ, ಅದರಲ್ಲಿ ಅರ್ಧ ರಾಜ್ಯದ್ದು. 200 ರೂಪಾಯಿ ಟಿಕೆಟ್‌ಗೆ 18 ರೂಪಾಯಿ ಉಳಿಯುತ್ತದೆ. ನಾಲ್ಕು ಜನಕ್ಕೆ 72. ಒಂದು ಪಾಪ್‌ಕಾರ್ನ್ ಕೂಡ ಬರುವುದಿಲ್ಲ. ಆದರೆ 'ಟ್ಯಾಕ್ಸ್ ಫ್ರೀ' ಅನ್ನುವ ಎರಡು ಪದ ಪೋಸ್ಟರ್ ಮೇಲೆ ಬಂದರೆ ಸರ್ಕಾರವೇ ಹೋಗಿ ನೋಡಿ ಅಂದ ಹಾಗೆ. ಮೇಷ್ಟ್ರುಗಳು ಮಕ್ಕಳನ್ನು ಕರೆದುಕೊಂಡು ಬಂದರು. ಶಾಲೆ ತೆರೆದದ್ದು ಈ ಸಿನಿಮಾಕ್ಕೆ ಅಡ್ಡಿ ಆಗುವ ಬದಲು ಅನುಕೂಲವೇ ಆಯಿತು.

ನಾನು ಹೋದ ಶೋಗೆ ನಮ್ಮ ಬೀದಿಯ ಒಬ್ಬ ಗಟ್ಟಿಗರು ಬಂದಿದ್ದರು. ಬೀದಿನಾಯಿ ಹಾವಳಿ ಅಂತ ಪುರಸಭೆಗೆ ಅರ್ಜಿ ಮೇಲೆ ಅರ್ಜಿ ಕೊಟ್ಟವರು. ಹೊರಗೆ ಬರುವಾಗ ಅವರ ಕರ್ಚೀಫು ಒದ್ದೆ. ನನ್ನ ಕಣ್ಣು ತಪ್ಪಿಸಿ ಹೋದರು. ಸಿನಿಮಾದ ಹೀರೋ, ನಿರ್ಮಾಪಕರೂ ಆದ ರಕ್ಷಿತ್ ಶೆಟ್ಟಿ ಲಾಭದಲ್ಲಿ ಶೇಕಡಾ 10 ಸಿನಿಮಾಕ್ಕೆ ದುಡಿದವರಿಗೆ, ಶೇಕಡಾ 5 ಪ್ರಾಣಿಗಳಿಗಾಗಿ ಕೆಲಸ ಮಾಡುವವರಿಗೆ ಅಂತ ಪ್ರಕಟಿಸಿದರು. ಮುಂದೆ ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು.

ಸುತ್ತುಗಳನ್ನು ಸೇರಿಸಿದಾಗ

ಮೂರು ಗೆದ್ದ ಸಿನಿಮಾಗಳಲ್ಲಿ ಒಂದು ಬೇಸಿಗೆ ಸೀಸನ್ ಶುರುವಾಗುವ ಮೊದಲು ಬಂತು. ಒಂದು ಮುಗಿದ ಮೇಲೆ ಬಂತು. ನಡುವೆ ಬಂದದ್ದೂ ನಂಬಿದ್ದು ನಾಲ್ಕು ದಿನದ ಹಬ್ಬಗಳನ್ನು, ಮಕ್ಕಳ ರಜೆಯನ್ನಲ್ಲ. ಹುಟ್ಟುಹಬ್ಬ, ಅರ್ಧಕ್ಕೆ ನಿಂತ ಕತೆ, ಮೊದಲೇ ನೋಡಿದವರ ಬಾಯಿಮಾತು. ಮೂರಕ್ಕೂ ಬಿಡುಗಡೆಗೆ ಮೊದಲೇ ಜನ ಸಿದ್ಧವಾಗಿದ್ದರು. ಬೇಸಿಗೆ ಅಂತ ನಂಬಿ ಬಂದವರಿಗೆ ಸಿಕ್ಕಿದ್ದು ಬಿಸಿಲು ಮಾತ್ರ.

ಸೆಪ್ಟೆಂಬರ್ 30ಕ್ಕೆ 'ಕಾಂತಾರ' ಬಂದ ಮೇಲೆ ಆ ಇಡೀ ವರ್ಷವೇ ನಮ್ಮ ನೆನಪಿನಲ್ಲಿ ಒಂದೇ ಹಬ್ಬವಾಗಿಬಿಟ್ಟಿದೆ. ಗೆಳೆಯನಿಗೆ ಕ್ಯಾಲೆಂಡರ್ ಫೋಟೋ ಕಳಿಸಿದೆ. "ಮೇ ಬಿಡು, ಅವಾಗ ನಾವೆಲ್ಲ ಮ್ಯಾಚ್ ನೋಡ್ತಿದ್ವಿ" ಅಂತ ಉತ್ತರ ಬಂತು. ನಾನು ಹೇಳಿದ್ದನ್ನೇ ಅವನೂ ಹೇಳಿದ, ಆದರೆ ಒಪ್ಪಲಿಲ್ಲ.

'ಅವತಾರ ಪುರುಷ'ದ ಎರಡನೇ ಭಾಗ ಬಂದದ್ದು 2024ರ ಏಪ್ರಿಲ್ 5ಕ್ಕೆ. ಮತ್ತೆ ಬೇಸಿಗೆ, ಮತ್ತೆ ಐಪಿಎಲ್, ಮೇಲೆ ಲೋಕಸಭೆ ಚುನಾವಣೆ ಬೇರೆ. ಈ ವಾರ ಹೋಗೋಣ, ಮುಂದಿನ ವಾರ ಹೋಗೋಣ ಅಂದುಕೊಳ್ಳುವಷ್ಟರಲ್ಲಿ ನಮ್ಮೂರಿನ ಟಾಕೀಸಿನಲ್ಲಿ ಪೋಸ್ಟರ್ ಬದಲಾಗಿತ್ತು. ಬಾಗಿಲ ಹಿಂದಿನ ಮೊಳೆಯಲ್ಲಿ ಆ ಅರ್ಧ ಸುತ್ತು ಇನ್ನೂ ಹಾಗೇ ಇದೆ.